ಮಳೆ ಹೊಡೆದರೂ ಮಾತು ಕೇಳಬೇಕು: ಹಳೇ ಕೊಟ್ಟಿಗೆಯ ರಿಪೇರಿ ಕಥೆ

ಕಳೆದ ವರ್ಷ ಜುಲೈಯ ಒಂದು ಶನಿವಾರ ರಾತ್ರಿ ನಮ್ಮ ಹಳೇ ಕೊಟ್ಟಿಗೆಯಲ್ಲಿ ತಾಳಮದ್ದಳೆ ಇತ್ತು, ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಕೃಷ್ಣ ಸಂಧಾನಕ್ಕೆ ಬಂದಿದ್ದ. ಐದು ಊರು ಕೊಟ್ಟರೆ ಸಾಕು ಅಂತ ಕೇಳುವ ಹೊತ್ತಿಗೆ ಸರಿಯಾಗಿ ಪುನರ್ವಸು ಮಳೆ ಶೀಟಿನ ಮೇಲೆ ಹೊಯ್ಯತೊಡಗಿತು. ಮೂರನೇ ಸಾಲಿನಲ್ಲಿದ್ದ ನನಗೆ ಕೃಷ್ಣನ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೆ. ಕೌರವನಿಗೂ ಕೇಳಿಸಿದ ಹಾಗೆ ಕಾಣಲಿಲ್ಲ. ಕೇಳಿಸಿದ್ದರೂ ಅವನು ಕೊಡುವವನಲ್ಲ, ಅದು ಬೇರೆ ಮಾತು. ಮುಕ್ಕಾಲು ಗಂಟೆ ಎಲ್ಲರೂ ಸುಮ್ನೆ ಕಷಾಯ ಕುಡಿಯುತ್ತಾ ಕೂತೆವು. ಮಳೆ ನಿಲ್ಲಲಿಲ್ಲ. ಪ್ರಸಂಗ ಅಲ್ಲಿಗೇ ನಿಂತಿತು.

ಎದ್ದು ಹೋಗುವಾಗ ದೊಡ್ಡಪ್ಪ ಹೇಳಿದ್ದು ಒಂದೇ ಮಾತು. "ಮಾಣಿ, ದನ ಇದ್ದಾಗ ಇಲ್ಲಿ ಇಷ್ಟು ಗಲಾಟೆ ಇರಲಿಲ್ಲ."

ಈ ಮಾತು ನನಗೆ ನಾಟಲು ಕಾರಣ ಇದೆ. ನಾನು ಸಿವಿಲ್ ಡಿಪ್ಲೊಮಾ ಮಾಡಿ ಹೊಸನಗರದ ಸುತ್ತಮುತ್ತ ಸಣ್ಣಪುಟ್ಟ ಕಟ್ಟಡದ ಕೆಲಸ ಹಿಡಿಯುವವನು. ಆರು ವರ್ಷದ ಹಿಂದೆ ಕೊಟ್ಟಿಗೆ ಖಾಲಿಯಾದಾಗ ಅದನ್ನು ಕೋಣೆ ಮಾಡಿದವನು ನಾನೇ. ಹಸಿರು ಕಟ್ಟಡ ಅಂತ ಬೀಗಿದ್ದೆ ಕೂಡ. ಒಂದು ಹೊಸ ಕಲ್ಲು ತಂದಿರಲಿಲ್ಲ, ಹಳೇ ಜಂಬಿಟ್ಟಿಗೆ ಗೋಡೆಗೇ ಗಾರೆ ಮಾಡಿಸಿದ್ದೆ. ಕಿಟಕಿ ದೊಡ್ಡದು, ಹಗಲು ದೀಪ ಬೇಡ. ಮಾಡಿನ, ಅಂದರೆ ಛಾವಣಿಯ, ನೀರು ತೊಟ್ಟಿಗೆ ಹೋಗುತ್ತದೆ. ಹಂಚು ತೆಗೆದು ಬಣ್ಣದ ಶೀಟು ಹಾಕಿಸಿದೆ. ಯಾಕೆಂದರೆ ಮಂಗಗಳು ಹಂಚು ಉಳಿಸುವುದಿಲ್ಲ, ಪ್ರತಿ ಮೇ ತಿಂಗಳಲ್ಲಿ ಹಂಚು ಕೈಯಾಡಿಸಲು ಜನವೂ ಸಿಗುವುದಿಲ್ಲ. ಎಲ್ಲ ಲೆಕ್ಕ ಸರಿ ಇತ್ತು. ಕಿವಿಯ ಲೆಕ್ಕ ಒಂದನ್ನು ಬಿಟ್ಟಿದ್ದೆ.

ಈ ಮರೆವು ನನ್ನೊಬ್ಬನದಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಕಚೇರಿ ಕಟ್ಟಡಗಳಲ್ಲಿ ದಿನವಿಡೀ ಕೂರುವವರನ್ನೇ ವರ್ಷಗಟ್ಟಲೆ ಕೇಳಿ ನೋಡಿದ್ದಾರೆ. ಹಸಿರು ಕಟ್ಟಡಗಳಲ್ಲಿ ಕೂರುವವರು ಗಾಳಿ ಚೆನ್ನಾಗಿದೆ ಅನ್ನುತ್ತಾರೆ. ಶಬ್ದದ ವಿಷಯ ಬಂದಾಗ ಮಾತ್ರ ಮಾಮೂಲಿ ಕಟ್ಟಡದವರಿಗಿಂತ ಖುಷಿಯಾಗಿಲ್ಲ. ಕಾರಣ ಯೋಚಿಸಿದರೆ ಸರಳ. ಗಾಳಿಗೆ ಅಂತ ತೆರೆದ ದಾರಿಯಲ್ಲೇ ಗದ್ದಲವೂ ಬರುತ್ತದೆ. ಧೂಳು ಬೇಡ, ಸ್ವಚ್ಛ ಇರಲಿ ಅಂತ ನೆಲ, ಗೋಡೆ, ಮಾಡು ಎಲ್ಲ ಗಟ್ಟಿ ಮಾಡಿದರೆ ಒಳಗಿನ ದನಿ ಸಾಯುವುದೇ ಇಲ್ಲ.

ಮೊದಲು ಮಾಡಿದ ತಪ್ಪು ಕೆಲಸ ಹೇಳಿಬಿಡುತ್ತೇನೆ. ಆಗಸ್ಟಿನಲ್ಲೇ ಊರಿನ ಹುಡುಗರು ಸೇರಿ ಶೀಟಿನ ಅಡಿಗೆ ಥರ್ಮೊಕೋಲ್ ಸಿಕ್ಕಿಸಿದರು, ಹಿಂದಿನ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರು. ನಾನೂ ತಡೆಯಲಿಲ್ಲ. ಮಳೆಯ ಸದ್ದು ಕೂದಲಷ್ಟೂ ಇಳಿಯಲಿಲ್ಲ. ಥರ್ಮೊಕೋಲಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುತ್ತವೆ, ಗಾಳಿ ಒಳಗೆ ಹೊಕ್ಕು ಹೊರಡುವುದಿಲ್ಲ. ದನಿ ಹೀರಬೇಕಾದರೆ ಗಾಳಿ ನುಸುಳಬೇಕು, ಒಳಗೆ ನಾರಿಗೆ ನಾರಿಗೆ ತಿಕ್ಕಿಕೊಂಡು ಸುಸ್ತಾಗಬೇಕು. ಅದು ಹತ್ತಿ, ಉಣ್ಣೆ, ತೆಂಗಿನ ನಾರಿನಂಥದ್ದರಲ್ಲಿ ಆಗುತ್ತದೆ. ಮೊಟ್ಟೆ ಟ್ರೇ ತೆಳ್ಳಗಿನ ರಟ್ಟು, ಅದರ ಕೈಯಲ್ಲಿ ಆಗುವುದು ಅಲ್ಪ. ಥರ್ಮೊಕೋಲ್ ಬೆಂಕಿಗೆ ಬೇರೆ ಅಪಾಯ. ದೀಪಾವಳಿ ಹೊತ್ತಿಗೆ ಅರ್ಧ ಇಲಿಗಳೇ ಕಡಿದು ಮುಗಿಸಿದ್ದವು. ಉಳಿದದ್ದನ್ನು ನಾನು ಕಿತ್ತೆ.

ಕಿತ್ತ ದಿನ ಖಾಲಿ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದೆ. ಟರ್‍ರ್‍ರ್ ಅಂತ ಗೋಡೆಯಿಂದ ಗೋಡೆಗೆ ಹೋಗಿ ಬಂದು ಬಂದು, ಆಮೇಲೆ ಗುಂಯ್ ಅಂತ ಉಳಿಯಿತು. ಆಗ ಹೊಳೆಯಿತು, ಇಲ್ಲಿ ಕಾಯಿಲೆ ಒಂದಲ್ಲ, ಎರಡು. ಮಳೆ ಶೀಟನ್ನು ಚಂಡೆ ಮಾಡಿಕೊಂಡು ಬಾರಿಸುವುದು ಒಂದು. ಒಳಗಿನ ದನಿ ಆರದೆ ಸುತ್ತುವುದು ಇನ್ನೊಂದು. ಮಳೆ ಇಲ್ಲದ ದಿನವೂ ಪಾತ್ರದ ಮಾತಾಡುವ ಅರ್ಥಧಾರಿಗಳು 'ಬಿಲ್ಲು' ಅಂದರೆ ಹಿಂದಿನವರಿಗೆ 'ಬೆಲ್ಲ' ಕೇಳುತ್ತಿತ್ತಲ್ಲ, ಅದು ಎರಡನೇ ಕಾಯಿಲೆ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಹೊರಗಿನ ಸದ್ದು ತಡೆಯಲು ಭಾರ ಬೇಕು, ಒಳಗಿನ ದನಿ ಹೀರಲು ನಾರು ಬೇಕು.

ಎರಡನೆಯದರ ಲೆಕ್ಕ ಮೊದಲು ಹಿಡಿದೆ, ಯಾಕೆಂದರೆ ಅದನ್ನು ದುಡ್ಡು ಖರ್ಚು ಮಾಡದೆ ನೋಡಬಹುದು. ಈ ಲೆಕ್ಕ ಕೊಟ್ಟವನು ವಾಲೇಸ್ ಸಬೈನ್, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಮೇಷ್ಟರು. 1895ರಲ್ಲಿ ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನ ಉಪನ್ಯಾಸದ ಕೋಣೆಯಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಜಾಸ್ತಿ ಹೊತ್ತು ಗುಂಯ್‌ಗುಡುತ್ತಿತ್ತು. ಸರಿಮಾಡು ಅಂತ ಈ ಮೇಷ್ಟರಿಗೆ ಹೇಳಿದರು. ಅವನು ರಾತ್ರಿ ಹೊತ್ತು ಸ್ಯಾಂಡರ್ಸ್ ಥಿಯೇಟರಿನ ಸೀಟಿನ ದಿಂಬುಗಳನ್ನು ಹೊತ್ತು ತರಿಸಿ, ಒಂದಿಷ್ಟು ಹಾಸಿ, ಆರ್ಗನ್ ಕೊಳವೆ ಊದಿಸಿ, ದನಿ ಆರುವವರೆಗೆ ಗಡಿಯಾರ ಹಿಡಿದು ಕೂರುತ್ತಿದ್ದ. ಮತ್ತೆ ಇನ್ನಷ್ಟು ದಿಂಬು, ಮತ್ತೆ ಗಡಿಯಾರ. ಬೆಳಗಾಗುವುದರೊಳಗೆ ದಿಂಬು ವಾಪಸ್. ಅವನ ಅಳತೆಗೋಲು ನನಗೆ ಬಹಳ ಇಷ್ಟ: ತೆರೆದ ಕಿಟಕಿ. ತೆರೆದ ಕಿಟಕಿಗೆ ಹೋದ ದನಿ ವಾಪಸ್ ಬರುವುದಿಲ್ಲ, ಅಂದರೆ ಪೂರ್ತಿ ಹೀರಿದ ಹಾಗೆ. ಉಳಿದ ಎಲ್ಲ ಸಾಮಾನನ್ನೂ 'ಇದು ಎಷ್ಟು ತೆರೆದ ಕಿಟಕಿಗೆ ಸಮ' ಅಂತ ಅಳೆಯುವುದು. ಸಿಮೆಂಟು ಗಾರೆಯ ಗೋಡೆ ನೂರು ಚದರ ಮೀಟರ್ ಇದ್ದರೂ ಎರಡು ಮೂರು ಚದರ ಮೀಟರ್ ಕಿಟಕಿಯಷ್ಟೇ.

ನಮ್ಮ ಕೋಣೆ 9 ಮೀಟರ್ ಉದ್ದ, 6 ಮೀಟರ್ ಅಗಲ. ಸೂರಿನ ಹತ್ತಿರ 2.7 ಮೀಟರ್ ಎತ್ತರ, ನೆತ್ತಿಯಲ್ಲಿ 4.5. ಸರಾಸರಿ 3.6 ಹಿಡಿದರೆ ಒಟ್ಟು 194 ಘನ ಮೀಟರ್ ಗಾಳಿ. ಇದನ್ನು 0.161ರಿಂದ ಗುಣಿಸಿ, ಹೀರುವ ಜಾಗದಿಂದ ಭಾಗಿಸಿದರೆ ದನಿ 60 ಡೆಸಿಬೆಲ್ ಇಳಿಯಲು, ಅಂದರೆ ಹೆಚ್ಚುಕಮ್ಮಿ ಪೂರ್ತಿ ಆರಲು, ಎಷ್ಟು ಸೆಕೆಂಡ್ ಅಂತ ಸಿಗುತ್ತದೆ. ಬಲೂನ್ ಒಡೆದು ಫೋನಿನ ಆ್ಯಪ್‌ನಲ್ಲಿ ಅಳೆದೆ, 2.9 ಸೆಕೆಂಡ್ ಬಂತು. ಅಂದರೆ ನಮ್ಮ ಇಡೀ ಕೋಣೆ ಹೀರುತ್ತಿದ್ದುದು 11 ಚದರ ಮೀಟರ್ ಕಿಟಕಿಯಷ್ಟು ಮಾತ್ರ. ಮಾತು ಸ್ಪಷ್ಟ ಕೇಳಬೇಕು, ಹಾಡೂ ಒಣಗಬಾರದು ಅಂದರೆ 0.8 ಸೆಕೆಂಡಿನ ಆಸುಪಾಸು ಇರಬೇಕು. ಅದಕ್ಕೆ 39 ಚದರ ಮೀಟರ್ ಬೇಕು. ಕೂತ ಮನುಷ್ಯ ಒಬ್ಬೊಬ್ಬನೂ ಹತ್ತಿರ ಹತ್ತಿರ ಅರ್ಧ ಚದರ ಮೀಟರ್ ಹೀರುತ್ತಾನೆ. ನಮ್ಮಲ್ಲಿ ಮಳೆಗಾಲದಲ್ಲಿ ಬರುವುದು ಹನ್ನೆರಡು ಜನ. ಕೋಣೆಯದ್ದು 11, ಅವರದ್ದು ಐದೂವರೆ ಕಳೆದರೂ ಇನ್ನೂ 22, 23 ಚದರ ಮೀಟರ್ ನಾನೇ ಹುಡುಕಬೇಕು.

ಸಬೈನ್ ದಿಂಬು ಹೊತ್ತ ಹಾಗೆ ನಾವು ಹಾಸಿಗೆ ಹೊತ್ತೆವು. ನಮ್ಮ ಮನೆಯದ್ದು, ದೊಡ್ಡಪ್ಪನ ಮನೆಯದ್ದು ಸೇರಿ ಹದಿನಾಲ್ಕು ಹತ್ತಿ ಹಾಸಿಗೆ. ಅಮ್ಮನ ಕೈಯಲ್ಲಿ ಬೈಸಿಕೊಂಡಿದ್ದು ಬೇರೆ. ಗೋಡೆಗೆ ಒರಗಿಸಿ ನಿಲ್ಲಿಸಿ ಬಲೂನ್ ಒಡೆದರೆ 1.2 ಸೆಕೆಂಡ್. ಲೆಕ್ಕವೂ ಕಿವಿಯೂ ಒಂದೇ ಮಾತು ಹೇಳಿದವು. ಆದರೆ ನಮ್ಮ ಭಾಗವತರನ್ನು ಕರೆದು ಒಂದು ಪದ ಹಾಡಿ ಅಂದರೆ, ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟರು. "ಎಂತದ್ದೋ ಇದು, ದನಿ ಗಂಟಲಿಂದ ಆಚೆಗೇ ಹೋಗ್ತಾ ಇಲ್ಲ."

ನೋಡಿದರೆ ಅವರ ಬೆನ್ನ ಹಿಂದೇ ನಾಲ್ಕು ಹಾಸಿಗೆ ನಿಲ್ಲಿಸಿದ್ದೆವು. ಅವನ್ನು ತೆಗೆದು ಕೇಳುವವರ ಬೆನ್ನ ಹಿಂದೆ ಇಟ್ಟೆವು. ಹಾಸಿಗೆ ಅಷ್ಟೇ, ಸೆಕೆಂಡೂ ಅಷ್ಟೇ. ಆದರೆ ಭಾಗವತರ ಮುಖ ಅರಳಿತು. ಹಾಡುವವನಿಗೆ ತನ್ನ ದನಿ ಹತ್ತಿರದ ಗಟ್ಟಿ ಗೋಡೆಯಿಂದ ಒಂದಿಷ್ಟು ವಾಪಸ್ ಸಿಗಬೇಕು, ಇಲ್ಲದಿದ್ದರೆ ಅರಚುತ್ತಾನೆ. ಆ ವಾಪಸ್ ಬೇಗ ಬಂದರೆ ಕೇಳುವವನಿಗೂ ಮಾತು ಗಟ್ಟಿಯಾಗುತ್ತದೆ, ತಡವಾಗಿ ಬಂದರೆ ಕಲಸಿಹೋಗುತ್ತದೆ. ಅಲ್ಲೇ ತೀರ್ಮಾನ ಮಾಡಿದೆ: ಭಾಗವತರ ಬೆನ್ನಿನ ಗೋಡೆಯನ್ನೂ ಅವರ ತಲೆಯ ಮೇಲಿನ ಮಾಡನ್ನೂ ಗಟ್ಟಿಯಾಗೇ ಬಿಡುವುದು. ಹೀರುವುದೆಲ್ಲ ಕೇಳುವವರ ಕಡೆ.

ಜನವರಿ ಕೊನೆಗೆ ಮಾಡಿನ ಕೆಲಸ ಹಿಡಿದೆವು. ಶೀಟು ಕಿತ್ತು ಮತ್ತೆ ಹಂಚು ಹಾಕಿ ಅಂತ ಆಚಾರ್ರು ಹೇಳಿದರು. ಆದರೆ ಮಂಗ ಎಲ್ಲಿ ಹೋಗುತ್ತದೆ? ನಾನು ಶೀಟನ್ನು ಅಲ್ಲೇ ಬಿಟ್ಟು ಅದರ ಮೇಲೆ ರೀಪು, ಅಂದರೆ ಹಂಚು ಕೂರುವ ಅಡ್ಡಪಟ್ಟಿ, ಹೊಡೆದು ಮಂಗಳೂರು ಹಂಚು ಹೊದಿಸಿದೆ. ಮಳೆಯ ಹನಿ ಮೊದಲು ಹಂಚಿನ ಮೇಲೆ ಒಡೆಯುತ್ತದೆ. ಹಂಚಿಗೆ ಭಾರ ಇದೆ, ಶೀಟಿನ ಹಾಗೆ ಅದುರುವುದಿಲ್ಲ. ಮಂಗ ಒಂದೆರಡು ಹಂಚು ಒಡೆದರೂ ಶೀಟು ಇರುವುದರಿಂದ ಸೋರುವುದಿಲ್ಲ, ಪುರುಸೊತ್ತಾದಾಗ ಬದಲಿಸಿದರಾಯಿತು. ಬೇಸಿಗೆಯಲ್ಲಿ ಹಂಚು ಶೀಟಿಗೆ ನೆರಳೂ ಆಗುತ್ತದೆ. ಹಳೇ ಮನೆ ಕೆಡವಿದವರ ಹತ್ತಿರ 1,400 ಹಂಚು ಹತ್ತು ರೂಪಾಯಿಗೆ ಒಂದರಂತೆ ಸಿಕ್ಕಿತು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಲ್ಲಿಂದ ಈಚೆಗೆ ಈ ಹಂಚಿನ ಮಾದರಿ ಹೆಚ್ಚೇನೂ ಬದಲಾಗಿಲ್ಲ. ಹಾಗಾಗಿ ಎರಡು ಮೂರು ಬೇರೆ ಬೇರೆ ಮನೆಯ ಹಂಚೂ ಒಂದಕ್ಕೊಂದು ಹೆಚ್ಚುಕಮ್ಮಿ ಕೂರುತ್ತದೆ. ಹೆಚ್ಚುಕಮ್ಮಿ ಅಂದೆ, ನೆನಪಿರಲಿ. ನೂರಕ್ಕೂ ಜಾಸ್ತಿ ಹಂಚು ಕೂರದೆ ಪಕ್ಕಕ್ಕೆ ಹೋಯಿತು.

ಹಂಚು ಹಾಕುವ ಮೊದಲು ಭಾರದ ಲೆಕ್ಕ ಮಾಡದವರು ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ. ಚದರ ಮೀಟರಿಗೆ ಹದಿನೈದು ಹದಿನಾರು ಹಂಚು, ಒಂದು ಹಂಚು ಎರಡೂಕಾಲು ಕಿಲೋ ಮೇಲೆ. ಸೂರು ಸೇರಿ ನಮ್ಮ ಮಾಡು 80 ಚದರ ಮೀಟರ್. ಒಣ ಹಂಚೇ ಹತ್ತಿರ ಮೂರು ಟನ್ನು, ಮಳೆಯಲ್ಲಿ ನೆಂದರೆ ಇನ್ನೂ ಮುನ್ನೂರು ನಾನೂರು ಕಿಲೋ. ನನ್ನ ಪೈಪಿನ ಟ್ರಸ್, ಅಂದರೆ ಮಾಡು ಹೊರುವ ಚೌಕಟ್ಟು, ಬರೀ ಶೀಟಿಗೆ ಅಂತ ಮಾಡಿದ್ದು. ಶಿವಮೊಗ್ಗದಲ್ಲಿರುವ ಗೆಳೆಯನೊಬ್ಬ ಸ್ಟ್ರಕ್ಚರಲ್ ಇಂಜಿನಿಯರ್, ಅವನಿಗೆ ಅಳತೆ ಕಳಿಸಿ ಲೆಕ್ಕ ಮಾಡಿಸಿದೆ. ಇದ್ದ ಟ್ರಸ್‌ಗಳ ನಡುವೆ ಹೊಸದಾಗಿ ಒಂದೊಂದು ಟ್ರಸ್, ನಾಲ್ಕು ಅಡಿಗೊಂದು ಇದ್ದ ಅಡ್ಡತೊಲೆ (ಪರ್ಲಿನ್) ಎರಡು ಅಡಿಗೊಂದು. ಇಡೀ ಕೆಲಸದಲ್ಲಿ ಜಾಸ್ತಿ ದುಡ್ಡು ಹೋಗಿದ್ದು ಇದಕ್ಕೇ. ಕಬ್ಬಿಣ ಜಾಸ್ತಿ ಹಾಕಿ ಹಸಿರು ಅನ್ನುವುದು ಹೇಗೆ ಅಂತ ಅವನು ಕಿಚಾಯಿಸಿದ. ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ. ಮೊದಲೇ ಸರಿಯಾಗಿ ಮಾಡಿದ್ದರೆ ಹಳೇ ಮರದ ಪಕಾಸುಗಳೇ ಹೊರುತ್ತಿದ್ದವು. ಅವನ್ನು ಆರು ವರ್ಷದ ಹಿಂದೆ ನಾನೇ ಮಾರಿದ್ದೆ.

ರೀಪು ಕೂರಿಸುವುದರಲ್ಲಿ ಒಂದು ಸೂಕ್ಷ್ಮ ಇದೆ. ಶೀಟಿನಲ್ಲಿ ಉಬ್ಬು, ತಗ್ಗು ಎರಡೂ ಇರುತ್ತವಲ್ಲ. ಸ್ಕ್ರೂ ಉಬ್ಬಿನ ಮೇಲೇ ಬೀಳಬೇಕು, ತಗ್ಗಿನಲ್ಲಿ ಬಿದ್ದರೆ ಹರಿಯುವ ನೀರಿಗೆ ತೂತು ತೆರೆದ ಹಾಗೆ. ರೀಪು ಉಬ್ಬುಗಳ ಮೇಲೆ ಅಡ್ಡ ಕೂರುತ್ತದೆ, ಅಡಿಯಲ್ಲಿ ನೀರಿಗೂ ಗಾಳಿಗೂ ದಾರಿ ಇರುತ್ತದೆ. ರೀಪಿಗೂ ಶೀಟಿಗೂ ನಡುವೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿ ಇಟ್ಟೆವು, ಹಂಚಿನ ಅದುರು ನೇರ ಶೀಟಿಗೆ ಇಳಿಯದ ಹಾಗೆ. ಎರಡನೇ ದಿನ ನಾನು ಪೇಟೆಗೆ ಹೋಗಿ ಬರುವುದರೊಳಗೆ ಹೊಸ ಹುಡುಗ ಒಂದು ಇಡೀ ಸಾಲನ್ನು ಒತ್ತಿ ಹಿಡಿದು ತಗ್ಗಿಗೇ ಸ್ಕ್ರೂ ಬಿಗಿದಿದ್ದ. ಗಟ್ಟಿ ಕೂರುತ್ತದೆ ಅಂತ ಅವನ ವಾದ. ಹನ್ನೊಂದು ತೂತಿಗೆ ಬ್ಯುಟೈಲ್ ಟೇಪ್, ಅದರ ಮೇಲೆ ಸೀಲೆಂಟ್. ಹತ್ತು ನಿಂತವು. ಒಂದು ಏಪ್ರಿಲಿನ ಮೊದಲ ಗುಡುಗು ಮಳೆಗೇ ಸೋರಿತು, ಸರಿಯಾಗಿ ಮದ್ದಳೆ ಇಡುವ ಜಾಗಕ್ಕೆ. ಆ ಹಂಚು ತೆಗೆದು ಮತ್ತೆ ಟೇಪು ಹಾಕಿದ್ದಾಯಿತು.

ಒಳಗಿನ ಮುಚ್ಚಿಗೆಗೆ ಅಡಿಕೆ ದಬ್ಬೆ. ತೋಟದಲ್ಲಿ ಗಾಳಿಗೆ ಬಿದ್ದ ಮರಗಳು ಹೇಗೂ ಇದ್ದವು. ಒಳಗಿನ ತಿರುಳು ಕೆತ್ತಿ, ಒಂದೂಕಾಲು ಇಂಚು ಅಗಲದ ದಬ್ಬೆ ಸೀಳಿ, ಕುಟ್ಟೆ ಹಿಡಿಯದ ಹಾಗೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಮೂರಕ್ಕೆ ಎರಡರಂತೆ ಕಲಸಿದ ನೀರಿನಲ್ಲಿ ನೆನೆಹಾಕಿದೆವು. ನೂರು ಲೀಟರ್ ನೀರಿಗೆ ಐದು ಕಿಲೋ ಪುಡಿ. ಹಳೇ ಅಡಿಕೆ ಬೇಯಿಸುವ ಹಂಡೆ ಉದ್ದ ಸಾಲದೆ, ನೆಲದಲ್ಲಿ ಹೊಂಡ ತೆಗೆದು ಟಾರ್ಪಾಲು ಹಾಸಿ ಅದರಲ್ಲೇ ಹತ್ತು ದಿನ. ಆಮೇಲೆ ನೆರಳಲ್ಲಿ ಒಣಗಿಸಿದ್ದು. ಬಿಸಿಲಿಗೆ ಹಾಕಿದ ಮೊದಲ ಕಂತು ಬಿಲ್ಲಿನ ಹಾಗೆ ಬಗ್ಗಿತು, ಅದು ಹೂಬಳ್ಳಿಯ ಚಪ್ಪರಕ್ಕೆ ಹೋಯಿತು.

ದಬ್ಬೆಗೂ ದಬ್ಬೆಗೂ ನಡುವೆ ಅರ್ಧ ಇಂಚು ಸಂದು. ಈ ಸಂದು ಚಂದಕ್ಕಲ್ಲ. ದನಿ ಅಲ್ಲಿಂದಲೇ ಒಳಹೊಕ್ಕು ಹಿಂದಿನ ನಾರಿಗೆ ಸೇರಬೇಕು. ದಬ್ಬೆಯ ಮೇಲೆ ಹಳೇ ಹತ್ತಿ ಸೀರೆ, ಧೂಳು ಉದುರದ ಹಾಗೆ. ಅದರ ಮೇಲೆ ಎರಡು ಇಂಚು ದಪ್ಪದ ತೆಂಗಿನ ನಾರಿನ ಮ್ಯಾಟು. ಮ್ಯಾಟಿಗೂ ಶೀಟಿಗೂ ನಡುವೆ ನಾಲ್ಕು ಇಂಚು ಖಾಲಿ ಜಾಗ. ನಾರು ತೆಳ್ಳಗಿದ್ದರೆ ಸಣ್ಣ ದನಿ ಮಾತ್ರ ಹೀರುತ್ತದೆ, 'ಸ', 'ಶ', ತಾಳದ ಕಿಣಿಕಿಣಿ. ಹಿಂದೆ ಖಾಲಿ ಜಾಗ ಕೊಟ್ಟರೆ ಇನ್ನೂ ಕೆಳಗಿನ, ದಪ್ಪ ದನಿಗೂ ಕೈ ಚಾಚುತ್ತದೆ. ಒಟ್ಟು 45 ಚದರ ಮೀಟರ್ ಹೀಗೆ ಮುಚ್ಚಿದೆ. ಭಾಗವತರ ತಲೆಯ ಮೇಲೆ ಮಾತ್ರ ಹಳೇ ಹಲಸಿನ ಹಲಗೆ, ಅದು ಗಟ್ಟಿ, ದನಿಯನ್ನು ಜನರ ಕಡೆಗೆ ದಬ್ಬುತ್ತದೆ. ಮೇಲಿನ ವೈರೆಲ್ಲ ಕಬ್ಬಿಣದ ಪೈಪಿನೊಳಗೆ ಹಾಕಿಸಿದೆ. ನಾರಿನ ನಡುವೆ ಬರೀ ವೈರು ಎಳೆಯುವ ಧೈರ್ಯ ನನಗಿಲ್ಲ.

ನನಗೆ ನಿಜವಾಗಿ ಹೆದರಿಕೆ ಇದ್ದಿದ್ದು ಬೂಷ್ಟಿನದ್ದು. ಆಗುಂಬೆಯ ಹಾಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ನಮ್ಮಲ್ಲಿ ಸುರಿಯದೇ ಇರಬಹುದು, ಆದರೆ ಜುಲೈಯಲ್ಲಿ ತೇವದ ಮೀಟರು 90ರ ಕೆಳಗೆ ಇಳಿಯುವುದು ಅಪರೂಪ. ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಎಲ್ಲದಕ್ಕೂ ಬಿಳಿ ಬೂಷ್ಟು ಬರುವ ಊರಲ್ಲಿ ಮಾಡಿನೊಳಗೆ ನಾರು ತುಂಬುವುದೆಂದರೆ ತಮಾಷೆಯಲ್ಲ. ಹೊರಗಿನ ಪುಸ್ತಕಗಳಲ್ಲಿ ಬರೆದ ಹಾಗೆ ಎಲ್ಲ ಸಂದು ಮುಚ್ಚಿ ಪ್ಲಾಸ್ಟಿಕ್ ಹೊದಿಸಿದ್ದರೆ ಒಂದೇ ಮಳೆಗಾಲಕ್ಕೆ ಮುಗ್ಗಲು ವಾಸನೆ ಹಿಡಿಯುತ್ತಿತ್ತು. ಅದಕ್ಕೇ ಆ ನಾಲ್ಕು ಇಂಚಿನ ಜಾಗವನ್ನು ಎರಡೂ ಕಡೆ ತೆರೆದಿಟ್ಟೆ. ಸೂರಿನಲ್ಲಿ ಗಾಳಿ ಒಳಗೆ, ನೆತ್ತಿಯ ಕ್ಯಾಪನ್ನು ಒಂದೂವರೆ ಇಂಚು ಎತ್ತಿ ಅಲ್ಲಿಂದ ಹೊರಗೆ. ಎರಡೂ ಕಡೆ ಕಬ್ಬಿಣದ ಜಾಲರಿ, ಇಲಿ ಮತ್ತು ಬಾವಲಿಗೆ ಅಂತ. ಈ ದಾರಿಯಿಂದ ಹೊರಗಿನ ಸದ್ದೂ ಸ್ವಲ್ಪ ಒಳಗೆ ಬರುತ್ತದೆ, ಗೊತ್ತು. ಅದು ನಾರನ್ನು ದಾಟಿಯೇ ಬರಬೇಕು ಅನ್ನುವುದು ಸಮಾಧಾನ. ಸದ್ದು ಎರಡು ಡೆಸಿಬೆಲ್ ಜಾಸ್ತಿಯಾದರೂ ಪರವಾಗಿಲ್ಲ, ಬೂಷ್ಟು ಬೇಡ ಅಂತ ನನ್ನ ಲೆಕ್ಕ.

ಏಪ್ರಿಲಿನ ಮಧ್ಯಾಹ್ನ ಎರಡೂವರೆಗೆ ಹಿಂದಿನ ವರ್ಷ ಶೀಟಿನ ಅಡಿಭಾಗ 58 ಡಿಗ್ರಿ ತೋರಿಸಿತ್ತು, ಗನ್ ಥರ್ಮಾಮೀಟರಿನಲ್ಲಿ. ಈ ಸಲ ಅದೇ ಹೊತ್ತಿಗೆ 41. ಮುಚ್ಚಿಗೆಯ ಅಡಿಯಲ್ಲಿ ಕೂತವನ ತಲೆಗೆ ಅದೂ ಇಲ್ಲ. ಫ್ಯಾನು ಮೂರರಲ್ಲಿದ್ದದ್ದು ಒಂದಕ್ಕೆ ಇಳಿಯಿತು. ಆ ಹಳೇ ಫ್ಯಾನು ಒಂದರಲ್ಲಿ ತಿರುಗಿದರೂ ಗುಂಯ್ ಅಂತಿತ್ತು, ಹಳೇ ಗದ್ದಲದಲ್ಲಿ ಗೊತ್ತಾಗಿರಲಿಲ್ಲ. ಅದನ್ನು ಬಿಚ್ಚಿ ಬಿಎಲ್‌ಡಿಸಿ ಫ್ಯಾನು ಹಾಕಿದೆ. 75 ವ್ಯಾಟ್ ಇದ್ದದ್ದು 30ರ ಹತ್ತಿರ ಬಂತು, ಸದ್ದೂ ಹೋಯಿತು.

ಉಳಿದದ್ದು ಕಿಟಕಿ. ಮಳೆಗಾಲದಲ್ಲಿ ಪಡುವಣದ ಕಿಟಕಿ ತೆರೆದರೆ ಎರಚಲು, ಜೊತೆಗೆ ಪಕ್ಕದ ತೋಟದ ಕಳೆ ಕತ್ತರಿಸುವ ಯಂತ್ರ. ಮುಚ್ಚಿದರೆ ಹನ್ನೆರಡು ಜನರ ಉಸಿರಿಗೆ ಅರ್ಧ ಗಂಟೆಯಲ್ಲಿ ಆಕಳಿಕೆ. ಇದಕ್ಕೆ ನಾನು ಮಾಡಿದ್ದು ಸೊಟ್ಟ ದಾರಿಯ ಪೆಟ್ಟಿಗೆ. ಕಿಟಕಿಯ ಕೆಳಗೆ ಜಂಬಿಟ್ಟಿಗೆ ಕೊರೆದು, ನಾಲ್ಕು ಅಡಿ ಉದ್ದ, ಒಂದಡಿ ಎತ್ತರದ ಮರದ ಪೆಟ್ಟಿಗೆ ಕೂರಿಸಿದೆ. ಒಳಗೆ ಮೂರು ಅಡ್ಡಹಲಗೆ. ಒಂದು ಮೇಲಿನಿಂದ ಇಳಿದದ್ದು, ಒಂದು ಕೆಳಗಿನಿಂದ ಎದ್ದದ್ದು, ಮತ್ತೊಂದು ಮೇಲಿನಿಂದ. ಎಲ್ಲದಕ್ಕೂ ಒಂದಿಂಚು ನಾರು, ಅದರ ಮೇಲೆ ಬಟ್ಟೆ. ಗಾಳಿ ಹಾವಿನ ಹಾಗೆ ಬಳುಕಿ ಒಳಗೆ ಬರುತ್ತದೆ, ದನಿ ತಿರುವು ತಿರುವಿಗೂ ನಾರಿಗೆ ಬಡಿಯುತ್ತದೆ. ಮೊದಲನೇ ಪೆಟ್ಟಿಗೆಯಲ್ಲಿ ಸಂದು ಎರಡೇ ಇಂಚು ಬಿಟ್ಟಿದ್ದೆ. ಊದುಬತ್ತಿ ಹಚ್ಚಿ ಬಾಯಿಗೆ ಹಿಡಿದರೆ ಹೊಗೆ ನೆಟ್ಟಗೆ ಮೇಲೆ ಹೋಯಿತು, ಒಳಗೆ ಗಾಳಿಯೇ ಬರುತ್ತಿಲ್ಲ. ನಾಲ್ಕು ಇಂಚು ಮಾಡಿದ ಮೇಲೆ ಹೊಗೆ ಕೋಣೆಯ ಒಳಕ್ಕೆ ಬಾಗಿತು. ಕಳೆ ಯಂತ್ರದ ಕೀರಲು ಈಗ ಸೊಳ್ಳೆಯಷ್ಟು. ಟಿಲ್ಲರಿನ ಗುಡುಗುಡು ಮಾತ್ರ ಹಾಗೇ ಬರುತ್ತದೆ. ಅಂಥ ದಪ್ಪ ದನಿಯ ಅಲೆ ಮೀಟರುಗಟ್ಟಲೆ ಉದ್ದ, ಒಂದಿಂಚು ನಾರು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಹಿಂದಿನ ಗೋಡೆಗೆ ಎರಡು ಕಂಬಳಿ, ನಾಲ್ಕು ಇಂಚು ಮುಂದಕ್ಕೆ ಕೋಲು ಕಟ್ಟಿ, ನೆರಿಗೆ ಬಿಟ್ಟು ತೂಗುಹಾಕಿದ್ದು. ಚಪ್ಪಾಳೆಯ ಟರ್‍ರ್ ಅದರಿಂದಲೇ ನಿಂತಿತು. "ಕೊಪ್ಪೆ ಹಾಕ್ಕೊಂಡು ಮಳೆಗೆ ಹೋಗುವುದು ಕೇಳಿದ್ದೆ, ಗೋಡೆಗೇ ಕೊಪ್ಪೆ ಹಾಕಿದ್ದು ಈಗಲೇ ನೋಡಿದ್ದು" ಅಂತ ದೊಡ್ಡಪ್ಪ ನಕ್ಕರು. ಬಲೂನ್ ಒಡೆದೆ: ಖಾಲಿ ಕೋಣೆಯಲ್ಲಿ 0.9.

ಆರಿದ್ರಾ ಮಳೆಯ ಎರಡನೇ ವಾರ ಮತ್ತೆ ತಾಳಮದ್ದಳೆ ಇಟ್ಟುಕೊಂಡೆವು. ಅದೇ ಕೃಷ್ಣ, ಅದೇ ಕೌರವ. ಒಂಬತ್ತೂವರೆಗೆ ಜಡಿಮಳೆ ಹಿಡಿಯಿತು. ಅದೇ ಫೋನಿನಲ್ಲಿ ಹಿಂದಿನ ವರ್ಷದ್ದಕ್ಕೆ ಹೋಲಿಸಿದರೆ 17 ಡೆಸಿಬೆಲ್ ಕಮ್ಮಿ. ಫೋನಿನ ಮೀಟರನ್ನು ಪೂರ್ತಿ ನಂಬಬಾರದು, ಎರಡು ಮಳೆಯೂ ಒಂದೇ ಅಲ್ಲ. ಆದರೆ ಮಳೆ ಈಗ ದೂರದಲ್ಲೆಲ್ಲೋ ಹುರಿಗಡಲೆ ಹುರಿಯುವ ಹಾಗೆ ಕೇಳುತ್ತಿತ್ತು. ಕೃಷ್ಣ ದನಿ ಏರಿಸದೆ ಮಾತಾಡಿದ. ಹಿಂದಿನ ಸಾಲಿನಿಂದ ದೊಡ್ಡಪ್ಪ, ಊರಿನ ಹೆಸರು ಹೇಳುವಾಗ ನಾಲ್ಕೇ ಹೇಳಿದೆ, ಐದನೇದು ಎಲ್ಲಿ ಅಂತ ಕೂಗಿದರು. ಎಲ್ಲರೂ ನಕ್ಕರು. ಅವರಿಗೆ ಎಡಗಿವಿ ಮಂದ.

ನಡುವೆ ಒಂದು ಮಾತಿನ ಬಿಡುವಿನಲ್ಲಿ ಹೊಸ ಸದ್ದು ಕಿವಿಗೆ ಬಿತ್ತು. ಟಪ್, ಟಪ್, ಟಪ್. ಎಲ್ಲರ ಕತ್ತೂ ಬಾಗಿಲ ಕಡೆ ತಿರುಗಿತು. ಸೂರಿನ ಮೂಲೆಯ ಪೈಪಿನಿಂದ ನೀರು ಕೆಳಗಿನ ಹಂಡೆಗೆ ಬೀಳುತ್ತಿತ್ತು. ಆರು ವರ್ಷದಿಂದ ಹಾಗೇ ಬೀಳುತ್ತಿದ್ದಿರಬೇಕು. ಶೀಟಿನ ಅಬ್ಬರದಲ್ಲಿ ಯಾರಿಗೂ ಕೇಳಿರಲಿಲ್ಲ. ಈಗ ಕೇಳಿದ್ದೇ ಕೇಳಿದ್ದು, ಮದ್ದಳೆಯವರು ಅದರ ಲಯಕ್ಕೇ ಬೆರಳಾಡಿಸತೊಡಗಿದರು. ನಾನು ಎದ್ದು ಹೋಗಿ ಅಟ್ಟದಿಂದ ಒಂದು ಮಾರು ಸುಂಬದ ಹಗ್ಗ ತಂದು, ಪೈಪಿನ ಬಾಯಿಗೆ ಕಟ್ಟಿ, ತುದಿಯನ್ನು ಹಂಡೆಯ ತಳಕ್ಕೆ ಇಳಿಬಿಟ್ಟೆ. ನೀರು ಹಗ್ಗ ಹಿಡಿದು ಸದ್ದಿಲ್ಲದೆ ಇಳಿಯಿತು. ವಾಪಸ್ ಬಂದು ಕೂರುವಾಗ ಕೌರವ ಸೂಜಿಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಅನ್ನುತ್ತಿದ್ದ.